ಹಳದಿ ಗೌನಿನ ಎರಡನೇ ಮದುವೆ

ತನ್ನ ಮದುವೆ ಎಂಬತ್ತರ ದಶಕದಲ್ಲೇ ಆಗಬೇಕು ಎಂದು ಗುಂಡಿ ಹೇಳಿದಾಗ ಅವಳಪ್ಪ ಬಾಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದನ್ನೇ ಮರೆತ.

“ಆಗ ನೀನೇ ಹುಟ್ಟಿರಲಿಲ್ವಲ್ಲೇ!”

“ಥೀಮ್ ಅಪ್ಪ, ಥೀಮ್! ಮದುವೆ ಈಗಲೇ. ಬಟ್ಟೆ, ಹಾಡು, ತಲೆ ಬಾಚೋದು ಎಲ್ಲಾ ಆಗಿನ ಥರ. ಕ್ಯಾಸೆಟ್ ಆಕಾರದ ಆಮಂತ್ರಣ. ಮೇಲೆ ಕನ್ನಡಿ ಚೂರಿನ ಚೆಂಡು ತಿರುಗ್ತಾ ಇರತ್ತೆ. ಬರೋರೂ ಆಗಿನ ವೇಷದಲ್ಲೇ ಬರಬೇಕು.”

“ಹಾಗಾದ್ರೆ ನನ್ನ ಬೆಲ್‌ಬಾಟಮ್ಮು...”

“ಅದು ಅದಕ್ಕೂ ಹಿಂದಿನ ದಶಕದ್ದು. ನೀನು ಆಗಲೂ ಲೇಟು.”

ಅಪ್ಪ ಬಸ್ ಡ್ರೈವರು. ಮನೆಯಲ್ಲಿ ಅವನ ಹೆಸರು ಬ್ರೇಕು. ಬಸ್ಸಿನಿಂದ ಬಂದ ಹೆಸರಲ್ಲ ಅದು. ಊಟದ ಮೇಜಿನ ಮೇಲೆ ಯಾವ ಮಾತು ವೇಗ ಹಿಡಿದರೂ ‘ಹೋಗ್ಲಿ ಬಿಡಿ’ ಎಂದು ಕಾಲು ಅದುಮುವ ಅವನ ಗುಣದಿಂದ ಬಂದದ್ದು. ಮಗಳು ಗುಂಡಿಯಾದದ್ದು ಅಂಬೆಗಾಲಿಡುವಾಗ ಅಮ್ಮನ ಹೊಲಿಗೆ ಮೆಷಿನ್ನಿನ ಕೆಳಗೆ ಬಿದ್ದಿದ್ದ ಕೋಟಿನ ಗುಂಡಿಯನ್ನು ನುಂಗಿ ಮನೆಯನ್ನೆಲ್ಲ ಅಳಿಸಿದ್ದರಿಂದ. ಅಮ್ಮನಿಗೂ ಒಂದು ಹೆಸರಿತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ಬೀದಿಗೆಲ್ಲ ಆಕೆ ಟೈಲರಮ್ಮ.

ಮೇಜಿನ ನಾಲ್ಕನೆಯ ಕುರ್ಚಿ, ಗೋಡೆಗೆ ಬೆನ್ನು ಕೊಡುವ ಒಳ್ಳೆಯ ಕುರ್ಚಿ, ಬ್ರೇಕಿನ ಅಕ್ಕನದು. ಹೈಸ್ಕೂಲಿನ ಹೆಡ್‌ಮಿಸ್ಸಾಗಿದ್ದು ನಿವೃತ್ತಿಯಾದ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿದಾಕೆ. ಮದುವೆಯಾಗಿರಲಿಲ್ಲ. ಶಾಲೆ ಬಿಟ್ಟಿದ್ದಳೇ ಹೊರತು ಬೆಲ್ಲು ಬಿಟ್ಟಿರಲಿಲ್ಲ: ಟೀ ಬೇಕೆಂದರೆ ಚಮಚದಿಂದ ಲೋಟಕ್ಕೆ ಟಣ್ ಟಣ್ ಬಡಿಯುತ್ತಿದ್ದಳು. ಮನೆಯಲ್ಲೂ ಅವಳು ಹೆಡ್‌ಮಿಸ್ಸೇ.

“ಎಂಬತ್ತರ ದಶಕ ಅಂದ್ಯಾ?” ಹೆಡ್‌ಮಿಸ್ಸು ಲೋಟ ಕೆಳಗಿಟ್ಟಳು. “ಇರು, ಬಂದೆ.”

ಹಿಂದಿನ ಕೋಣೆಯಲ್ಲಿ ಟ್ರಂಕಿನ ಮುಚ್ಚಳ ಕಿರ್ರೆಂದಿತು. ಟೈಲರಮ್ಮ ಒಲೆಯ ಮುಂದೆ ಮೊಟ್ಟೆ ಮಗುಚುತ್ತಿದ್ದಳು. ಆ ಕಿರ್ರನ್ನು ಕೇಳಿಯೇ ಅವಳ ಬೆನ್ನು ನೆಟ್ಟಗಾಯಿತು.

ಹೆಡ್‌ಮಿಸ್ಸು ಮಗುವನ್ನು ಎತ್ತಿ ತರುವಂತೆ ಎರಡೂ ತೋಳಿನ ಮೇಲೆ ಹೊತ್ತು ತಂದದ್ದು ಒಂದು ಹಳದಿ ರೇಷ್ಮೆಯ ಗೌನು. ಉಬ್ಬಿದ ತೋಳು, ಸೊಂಟಕ್ಕೆ ಒತ್ತೊತ್ತಾದ ನೆರಿಗೆ, ಬೆನ್ನಿಗೆ ಬಟ್ಟೆ ಸುತ್ತಿದ ಪುಟ್ಟ ಪುಟ್ಟ ಗುಂಡಿಗಳು.

“ಅತ್ತೆ! ಎಲ್ಲಿತ್ತು ಇದು?” ಗುಂಡಿ ಎದ್ದೇ ನಿಂತಳು.

“ನಿಮ್ಮಪ್ಪನ ಮದುವೇಲಿ ಹಾಕಿದ್ದು. ಒಂದೇ ಒಂದು ಸಲ. ಸಿಟಿಯ ದೊಡ್ಡ ಅಂಗಡಿ ಕೆಲಸ ಕಣೇ. ಈಗಿನೋರಿಗೆ ಇಂಥ ಕೈ ಎಲ್ಲಿ ಬರಬೇಕು?”

ಮೊಟ್ಟೆ ಸೀದ ವಾಸನೆ ಬಂತು. ಟೈಲರಮ್ಮ ಅದನ್ನು ಹಾಗೇ ತಟ್ಟೆಗೆ ಹಾಕಿ, ಕರಿಯ ಕಡೆ ಮೇಲಾಗಿ, ನಾದಿನಿಯ ಮುಂದಿಟ್ಟಳು.

ಆ ಗೌನನ್ನು ಹೊಲಿದದ್ದು ಟೈಲರಮ್ಮ. ತನ್ನ ಮದುವೆಗೆಂದು, ತನ್ನ ಅಳತೆಗೆ, ಕೆಲಸ ಕಲಿಯುತ್ತಿದ್ದ ಅಂಗಡಿಯಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ ಕೂತು ಹೊಲಿದದ್ದು. ಆ ನೆರಿಗೆಯನ್ನು ಮೆಷಿನ್ನಿಗೆ ಕೊಡದೆ ಕೈಯಲ್ಲೇ ಹಿಡಿದಿದ್ದಳು. ಮದುವೆಯ ಬೆಳಗ್ಗೆ, ಆಗಿನ್ನೂ ಬರೀ ಮಿಸ್ಸಾಗಿದ್ದ ನಾದಿನಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳನ್ನು ನೋಡಲು ಒಂದು ಗಂಡಿನ ಕಡೆಯವರು ಅವತ್ತೇ ಅದೇ ಮದುವೆಗೆ ಬರುವವರಿದ್ದರು. “ನಿನ್ನನ್ನು ನೋಡಿ ಆಗಿದೆಯಲ್ಲಮ್ಮಾ, ಇನ್ನು ಯಾರು ನೋಡಬೇಕು? ಇವತ್ತು ನೋಡ್ಬೇಕಾಗಿರೋದು ನನ್ನನ್ನ” ಎಂದು ಗೌನನ್ನು ಎತ್ತಿಕೊಂಡಳು. ತನ್ನ ಹಳೆಯ ನೀಲಿ ಗೌನನ್ನು ಮದುವಣಗಿತ್ತಿಯ ಮೈಗೆ ತೊಡಿಸಿ, ಅದು ದೊಗಳೆಯಾಗಿ ಜೋತದ್ದಕ್ಕೆ ಬೆನ್ನಿನುದ್ದಕ್ಕೂ ಪಿನ್ನು ಚುಚ್ಚಿದಳು. “ನೆಟ್ಟಗೆ ನಿಲ್ಲು. ಅಳಬೇಡ, ಮೂಗು ಕೆಂಪಾಗತ್ತೆ.” ದೊಗಳೆ ಕಾಣಬಾರದೆಂದು ಫೋಟೋದಲ್ಲಿ ಮದುವಣಗಿತ್ತಿಯನ್ನು ಕುರ್ಚಿಯ ಹಿಂದೆ ನಿಲ್ಲಿಸಿದರು. ಕುರ್ಚಿಯಲ್ಲಿ ಹಳದಿ ಗೌನು ಕೂತಿತು.

ಆ ಫೋಟೋ ಇವತ್ತಿಗೂ ಮೆಟ್ಟಿಲ ಪಕ್ಕದ ಗೋಡೆಯ ಮೇಲಿದೆ. ಅಮ್ಮ ಯಾಕೆ ಹಿಂದೆ ನಿಂತಿದ್ದಾಳೆ ಎಂದು ಗುಂಡಿ ಕೇಳಿದಾಗಲೆಲ್ಲ ಬ್ರೇಕು, “ನಾಚಿಕೆ ಕಣೇ ಅವಳಿಗೆ” ಎನ್ನುತ್ತಿದ್ದ. ಟೈಲರಮ್ಮ ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಹತ್ತಿಳಿಯುತ್ತಿದ್ದಳು. ನಾಚಿಕೆ ಎನ್ನುವುದು ಎಷ್ಟು ಉರಿಯುತ್ತದೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ಗುಂಡಿ ಗೌನನ್ನು ತೊಟ್ಟು ಬಂದಳು. ಎಲ್ಲೂ ಎಳೆಯಲಿಲ್ಲ, ಎಲ್ಲೂ ಜೋಲಲಿಲ್ಲ.

“ನನಗೇ ಹೊಲಿದ ಹಾಗಿದೆ! ಅತ್ತೆ, ನಾನು ಇದರಲ್ಲೇ ಮದುವೆ ಆಗ್ಲಾ?”

“ಆಗು ಪುಟ್ಟಾ. ಅತ್ತೆ ಉಡುಗೊರೆ ಅಂದ್ಕೋ.” ಹೆಡ್‌ಮಿಸ್ಸು ದೊಡ್ಡ ಮನಸ್ಸಿನಿಂದ ಕೈ ಬೀಸಿದಳು. “ನಿಮ್ಮಮ್ಮನಿಗೆ ಕೊಟ್ಟು ಅಂಚು ಸ್ವಲ್ಪ ಇಳಿಸ್ಕೋ. ಅಷ್ಟು ಅವಳೂ ಮಾಡ್ತಾಳೆ.”

“ಇನ್ನೊಂದು ಐಡಿಯಾ! ಆ ಹಳೇ ಫೋಟೋನ ಮತ್ತೆ ತೆಗೆಸೋಣ. ಅದೇ ಜನ, ಅದೇ ಕುರ್ಚಿ. ಆಗಿನ ರೀಲ್ ಕ್ಯಾಮರಾ ಇಟ್ಕೊಂಡಿರೋ ಒಬ್ಬ ಫೋಟೋಗ್ರಾಫರ್ ಸಿಕ್ಕಿದ್ದಾನೆ.”

ಟೈಲರಮ್ಮ ಒಲೆ ಆರಿಸಿದಳು.

“ತೆಗೆಸೋಣ. ತೆಗೆಸ್ಲೇಬೇಕು. ಎಲ್ಲಾ ಆಗಿನ ಥರಾನೇ ಆಗಲಿ.”

ಅವಳು ಅಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ಕಂಡು ಬ್ರೇಕು ಮೇಜಿನ ಕೆಳಗೆ ಬಲಗಾಲಿನಿಂದ ನೆಲ ಅದುಮಿದ. ಇಳಿಜಾರಿನಲ್ಲಿ ಬಸ್ಸು ತನ್ನಷ್ಟಕ್ಕೆ ಹೊರಟಾಗ ಅದುಮುವ ಹಾಗೆ.

ಬಟ್ಟೆ ಒಣಹಾಕುವಾಗ ಅವನು ಹೆಂಡತಿಯ ಹಿಂದೆಯೇ ಅಂಗಳಕ್ಕೆ ಬಂದ.

“ನೋಡೇ, ಆ ವಿಷ್ಯ ಈಗ ಎತ್ತಬೇಡ.”

“ಯಾವ ವಿಷ್ಯ ರೀ?”

“ಗೊತ್ತಿದ್ದೂ ಕೇಳ್ಬೇಡ. ವಯಸ್ಸಾಗಿದೆ ಅವಳಿಗೆ. ಹೋಗ್ಲಿ ಬಿಡು.”

“ಹೋಗ್ಲಿ ಅಂತಾನೇ ಬಿಟ್ಟಿದ್ದೆ. ಹೋಗ್ಲಿಲ್ಲ, ನಮ್ಮನೇಗೇ ಬಂತು. ಹಿಂದಿನ ಕೋಣೇಲಿ ಕೂತು ಲೋಟ ಬಡೀತಾ ಇದೆ.” ಅವಳು ಗಂಡನ ಒದ್ದೆ ಪ್ಯಾಂಟನ್ನು ಝಾಡಿಸಿದಳು, ನೀರು ಅವನ ಮುಖಕ್ಕೇ ಸಿಡಿಯಿತು. “ಅವತ್ತು ನೀವು ಬಾಯಿಬಿಟ್ಟು ಒಂದು ಮಾತು ಆಡಿದ್ರೆ ಸಾಕಿತ್ತು. ಮದುವೆ ಗಂಡು ನೀವು.”

“ಅಕ್ಕ ಅಲ್ವೇನೇ...”

“ನಾನು ಏನು, ಸ್ಟೆಪ್ನಿನಾ?”

ಅವನು ಒದ್ದೆ ಮುಖ ಒರೆಸಿಕೊಂಡು ಒಳಗೆ ಹೋದ.

ಟೈಲರಮ್ಮನಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಆ ಗೌನು ಯಾರ ಕೈಯದು ಎಂಬುದನ್ನು ನಾದಿನಿ ತನ್ನದೇ ಬಾಯಿಂದ, ನಾಲ್ಕು ಜನರೆದುರು ಹೇಳಬೇಕು. ಹೇಳುವಾಗ ಬೆನ್ನಿಗೆ ಪಿನ್ನಿರಬೇಕು. ಅಷ್ಟೇ.

ಮರುದಿನವೇ ಟೇಪು ಹಿಡಿದು ಹಿಂದಿನ ಕೋಣೆಗೆ ಹೋದಳು. “ಅತ್ತಿಗೆ, ನಿಮ್ಮ ಗೌನು ಗುಂಡಿಗಾಯ್ತು. ನಿಮಗೂ ಒಂದು ಹೊಲೀತೀನಿ. ಆಗಿನ ಕಾಲದ್ದೇ. ಆದ್ರೆ ಮದುವೆ ದಿನದವರೆಗೂ ತೋರಿಸಲ್ಲ.”

“ಸರ್‌ಪ್ರೈಸಾ?” ಹೆಡ್‌ಮಿಸ್ಸು ಕೈ ಎತ್ತಿ ನಿಂತಳು. “ಬಣ್ಣ ಸ್ವಲ್ಪ ಗಂಭೀರವಾಗಿರಲಿ. ಮತ್ತೆ ಸೊಂಟ ಅಳೀಲಿಲ್ವಲ್ಲ?”

“ನಿಮ್ಮ ಸೊಂಟ ನನಗೆ ಕಣ್ಣಳತೇಲೇ ಗೊತ್ತು ಅತ್ತಿಗೆ.”

“ಸಡಿಲ ಇರಲಿ ಕಣಮ್ಮ. ನನಗೆ ಬಿಗಿ ಆಗಲ್ಲ.”

“ಸಡಿಲಕ್ಕೇನು ಕೊರತೆ ಇಲ್ಲ.”

ಮುಂದಿನ ವಾರಗಳು ಮನೆಯನ್ನು ಜಾತ್ರೆ ಮಾಡಿದವು. ಮುಂದಿನ ಕೋಣೆಯಲ್ಲಿ ಭುಜಕ್ಕೆ ಇಡುವ ಸ್ಪಂಜು ಗುಡ್ಡೆ ಬಿತ್ತು. ಗುಂಡಿಯ ಕೈಹಿಡಿಯಲಿದ್ದ ಗಂಡು ದಿನವೂ ಬರತೊಡಗಿದ. ಅವನು ಕನ್ನಡಕದ ಅಂಗಡಿಯವನು, ಆದ್ದರಿಂದ ಮನೆಯವರೆಲ್ಲರ ಮೂಗಿಗೂ ಮುಖದರ್ಧ ಮುಚ್ಚುವ ಹಳೆಯ ಫ್ರೇಮು ತಂದು ಏರಿಸಿದ. ಬ್ರೇಕು ಅದನ್ನು ಹಾಕಿಕೊಂಡೇ ಡ್ಯೂಟಿಗೆ ಹೋಗಿ ಕಂಡಕ್ಟರಿಂದ ಬೈಸಿಕೊಂಡು ಬಂದ. ಮನೆಯ ಟೇಪ್ ರೆಕಾರ್ಡರು ಕ್ಯಾಸೆಟ್ಟು ನುಂಗಿ ಕರಿಯ ಶಾವಿಗೆ ಕಕ್ಕಿತು. ಗುಂಡಿ ಅದನ್ನು ಪೆನ್ಸಿಲ್ಲಿನಿಂದ ಸುತ್ತುತ್ತ ಕೂತರೆ ಹೆಡ್‌ಮಿಸ್ಸು, “ಎಡಗಡೆ ಅಲ್ಲ, ಬಲಗಡೆ ಸುತ್ತು! ಆಗಿನ ವಿಷ್ಯ ನನ್ನ ಕೇಳು” ಎಂದು ಪಾಠ ಮಾಡುತ್ತಿದ್ದಳು.

ರಾತ್ರಿಯ ಪಾತ್ರೆ ತಿಕ್ಕುವಾಗ ಟೈಲರಮ್ಮ ಮಗಳಿಗೆ ನಾದಿನಿಯನ್ನು ಅಭಿನಯಿಸಿ ತೋರಿಸುತ್ತಿದ್ದಳು. ಗಲ್ಲ ಒಳಗೆಳೆದು, ಹುಬ್ಬು ಹಾರಿಸಿ, ಸೌಟನ್ನು ಬೆತ್ತ ಮಾಡಿಕೊಂಡು: “ಇದೇನು ಟೀಯಾ, ಪಾತ್ರೆ ತೊಳೆದ ನೀರಾ? ಈ ಆಲೂಗಡ್ಡೆಗೆ ಪಾಸ್ ಮಾರ್ಕೂ ಕೊಡಕ್ಕಾಗಲ್ಲ!” ಗುಂಡಿ ನಕ್ಕು ನಕ್ಕು ಸಿಂಕಿಗೆ ಒರಗುತ್ತಿದ್ದಳು. ಟೈಲರಮ್ಮನಿಗೆ ಆ ಸ್ವರ ಒಲಿದು ಬಂದದ್ದಲ್ಲ, ಸಾಧನೆ ಮಾಡಿ ಗಳಿಸಿದ್ದು. ಅವತ್ತಿನ ಬೆಳಗಿನ ಮಾತುಗಳನ್ನು ಮೆಷಿನ್ನು ತುಳಿಯುತ್ತ ಅವಳು ಎಷ್ಟೋ ವರ್ಷ ಬಾಯಿಪಾಠ ಮಾಡಿದ್ದಳು.

“ಇದನ್ನ ಮದುವೇಲಿ ಮಾಡಿ ತೋರ್ಸು ಅಮ್ಮ!”

“ಮಾಡ್ತೀನಿ. ಅದಕ್ಕೇ ಅಭ್ಯಾಸ.”

ಆದರೆ ಗುಂಡಿಗೂ ಒಂದು ದಿನ ರೇಗಿತು. ಕುರ್ಚಿ ಎಲ್ಲಿಡಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಅಮ್ಮ ಮೂರನೆಯ ಸಲ ಗಂಡಿನ ಜೊತೆ ಚರ್ಚೆಗೆ ಕೂತಿದ್ದಳು.

“ಅಮ್ಮ, ಹಾಡು ಯಾವುದು ಅಂತ ಕೇಳಲಿಲ್ಲ, ಊಟ ಏನು ಅಂತ ಕೇಳಲಿಲ್ಲ. ಬರೀ ಆ ಫೋಟೋ, ಆ ಫೋಟೋ! ಇದು ನನ್ನ ಮದುವೆನಾ, ನಿನ್ನ ಮದುವೆನಾ?”

“ನಿಂದೇ ಕಣೇ.”

“ನಿಂದೇ ಅಂತ ಬಾಯಲ್ಲಿ ಹೇಳ್ತೀಯ. ಕಣ್ಣೆಲ್ಲ ಬೇರೆ ಎಲ್ಲೋ ಇರತ್ತೆ.”

ಟೈಲರಮ್ಮ ಬಾಬಿನ್ನಿಗೆ ದಾರ ಸುತ್ತಿದಳು. ದಾರ ನೀಲಿಯದು. ಮಗಳು ಕೇಳಿದ್ದು ಸರಿ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಪೆಡಲಿನ ಮೇಲಿನ ಕಾಲು ನಿಲ್ಲಲಿಲ್ಲ.

ಮದುವೆ ಹಾಲ್‌ನಲ್ಲಿ ಕನ್ನಡಿ ಚೆಂಡು ತಿರುಗುತ್ತಿತ್ತು. ಉಬ್ಬಿದ ಕೂದಲು, ಉಬ್ಬಿದ ತೋಳು, ಉಬ್ಬಿದ ಹೊಟ್ಟೆಗಳೆಲ್ಲ ಬಣ್ಣದ ಬೆಳಕಿನ ಚುಕ್ಕೆಗಳಲ್ಲಿ ಮೀಯುತ್ತಿದ್ದವು. ವೇದಿಕೆಯ ಹಿಂದಿನ ಸಣ್ಣ ಕೋಣೆಗೆ ಟೈಲರಮ್ಮ ನಾದಿನಿಯನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೆಡ್‌ಮಿಸ್ಸು ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಬಂದಿದ್ದಳು. ಹಾಲ್‌ನಲ್ಲೇ ತೊಟ್ಟರಾಯಿತು, ಸುಕ್ಕಾಗುವುದಿಲ್ಲ ಎಂದು ಹೇಳಿ ಕರೆತಂದವಳೂ ಟೈಲರಮ್ಮನೇ.

ಕಾಗದದ ಪೊಟ್ಟಣ ಬಿಚ್ಚಿದಾಗ ನೀಲಿ ಗೌನು ಹೊರಬಂತು. ಅದೇ ಕೊರಳಪಟ್ಟಿ, ಅದೇ ಬಿಳಿ ಅಂಚು. ಮೈಗೆ ಹಾಕಿದರೆ ಇನ್ನೊಬ್ಬಳು ಒಳಗೆ ಬಂದು ಬಾಡಿಗೆಗಿರಬಹುದು, ಅಷ್ಟು ದೊಗಳೆ.

ಹೆಡ್‌ಮಿಸ್ಸು ಅದನ್ನು ನೋಡಿದಳು. ಬಾಗಿಲನ್ನು ನೋಡಿದಳು. ಬಾಗಿಲಿಗೆ ಟೈಲರಮ್ಮ ಬೆನ್ನು ಕೊಟ್ಟು ನಿಂತಿದ್ದಳು.

“ನಾನಿದನ್ನ ಹಾಕಲ್ಲ.”

ಟೈಲರಮ್ಮ ಗಲ್ಲ ಒಳಗೆಳೆದುಕೊಂಡಳು. ಹುಬ್ಬು ಮೇಲೇರಿತು. ಬಂದ ಸ್ವರ ಮೂವತ್ತು ದಾಟದ ಒಬ್ಬ ಟೀಚರಿನದು.

“ನಿನ್ನನ್ನು ನೋಡಿ ಆಗಿದೆಯಲ್ಲಮ್ಮಾ, ಇನ್ನು ಯಾರು ನೋಡಬೇಕು?”

ಹೆಡ್‌ಮಿಸ್ಸಿನ ಮುಖ ಒಗೆದ ಬಟ್ಟೆಯಂತೆ ಬಿಳಿಚಿತು.

“ನೆಟ್ಟಗೆ ನಿಲ್ಲು. ಅಳಬೇಡ, ಮೂಗು ಕೆಂಪಾಗತ್ತೆ.”

ಹೊರಗಿಂದ ಗುಂಡಿ ಬಾಗಿಲು ಬಡಿದಳು. “ಅತ್ತೆ, ಅಮ್ಮ, ಬೇಗ! ಫೋಟೋಗೆ ಎಲ್ಲಾ ಕಾಯ್ತಿದ್ದಾರೆ!”

ಹೆಡ್‌ಮಿಸ್ಸು ನೀಲಿಯೊಳಗೆ ತೋಳು ತೂರಿಸಿದಳು. ಟೈಲರಮ್ಮ ಹಿಂದೆ ನಿಂತು ಬೆನ್ನಿನುದ್ದಕ್ಕೂ ಬಟ್ಟೆ ಹಿಡಿದು ಹಿಡಿದು ಪಿನ್ನು ಹಾಕಿದಳು. ಅವಸರ ಮಾಡಲಿಲ್ಲ. ಒಂದೊಂದು ಪಿನ್ನಿಗೂ ಕೈ ಬದಲಿಸಿದಳು, ರುಚಿ ನೋಡುವವರ ಹಾಗೆ.

ಈ ಸಲ ಕುರ್ಚಿಯಲ್ಲಿ ಟೈಲರಮ್ಮ ಕೂತಳು. ಪಕ್ಕದಲ್ಲಿ ಹಳದಿ ಗೌನಿನ ಮಗಳು, ಅವಳಿಗೆ ಅಂಟಿಕೊಂಡು ಕನ್ನಡಕದ ಗಂಡು, ಆಚೆ ಬ್ರೇಕು. ಹೆಡ್‌ಮಿಸ್ಸನ್ನು ಕುರ್ಚಿಯ ಹಿಂದೆ ನಿಲ್ಲಿಸಲಾಯಿತು. ಗುಂಡಿ ಅತ್ತೆಯ ನೀಲಿಯನ್ನು ನೋಡಿ, ಗೋಡೆಯ ಫೋಟೋ ನೆನಪಾಗಿ, ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಫೋಟೋಗ್ರಾಫರು ಕ್ಯಾಮರಾದಿಂದ ತಲೆ ಎತ್ತಿದ.

“ಮೇಡಂ, ಈ ಹಳದಿ ಗೌನು! ಇಂಥ ನೆರಿಗೆ ನಾನು ನೋಡೇ ಇಲ್ಲ. ಯಾರು ಹೊಲಿದಿದ್ದು?”

“ನಮ್ಮ ಅತ್ತೆದು. ಸಿಟಿಯ ದೊಡ್ಡ ಅಂಗಡಿ...”

“ಅತ್ತೇನೇ ಹೇಳಲಿ.” ಟೈಲರಮ್ಮ ತಿರುಗಿ ಕೂಡ ನೋಡಲಿಲ್ಲ. “ಹೇಳಿ ಅತ್ತಿಗೆ. ಯಾರ ಕೆಲಸ ಅದು?”

ಹಾಡು ನಿಂತಿತ್ತು. ಗಂಡಿನ ಕಡೆಯವರು ಮುಂದಿನ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದರು.

“ಹೋಗ್ಲಿ ಬಿಡಿ, ಈಗ ಫೋಟೋ...” ಎಂದ ಬ್ರೇಕು.

“ರೀ, ಇವತ್ತು ಬ್ರೇಕ್ ಫೇಲು. ಸುಮ್ನೆ ನಿಂತ್ಕೊಳ್ಳಿ. ಹೇಳಿ ಅತ್ತಿಗೆ.”

ಹಿಂದಿನಿಂದ ಮೊದಲು ಒಂದು ದೀರ್ಘ ಉಸಿರು ಬಂತು. ಆಮೇಲೆ, ಇಡೀ ಶಾಲೆಯನ್ನು ಮೈಕಿಲ್ಲದೆ ಸಾಲು ನಿಲ್ಲಿಸುತ್ತಿದ್ದ ಆ ಗಂಟಲು.

“ಇವಳೇ! ಇವಳೇ ಹೊಲಿದಿದ್ದು! ಅಂಗಡಿಯೂ ಇಲ್ಲ, ಏನೂ ಇಲ್ಲ. ತನ್ನ ಮದುವೆಗೆ ಅಂತ ಹೊಲ್ಕೊಂಡಿದ್ಲು, ನಾನು ಕಿತ್ಕೊಂಡೆ. ಸಾಕಾ? ಹಾಳು ಗೌನು! ಅದೇ ನನ್ನ ಬಾಳು ಹಾಳು ಮಾಡಿದ್ದು!”

ಟೈಲರಮ್ಮ ಈಗ ತಿರುಗಿದಳು. ಈ ಕೊನೆಯ ಮಾತು ಅವಳ ಬಾಯಿಪಾಠದಲ್ಲಿ ಇರಲಿಲ್ಲ.

“ಇವಳ ಕಡ್ಡಿ ಸೊಂಟದ ಅಳತೆಗೆ ಹೊಲಿದ ಗೌನು,” ಹೆಡ್‌ಮಿಸ್ಸು ಗಂಡಿನ ಕಡೆಯವರಿಗೇ ನ್ಯಾಯ ಒಪ್ಪಿಸುವಂತೆ ಹೇಳಿದಳು. “ಇಬ್ಬರು ಹಿಡ್ಕೊಂಡು ಗುಂಡಿ ಹಾಕಿದ್ರು ನನಗೆ. ಆ ಗಂಡಿನ ಕಡೆಯೋರ ಮುಂದೆ ಕೂತೆ. ಹೆಸರೇನಮ್ಮ ಅಂದ್ರು. ಅರ್ಧ ಹೆಸರು ಹೇಳಿದೆ, ಉಸಿರು ನಿಂತೋಯ್ತು. ಏನು ಓದಿದೀಯಮ್ಮ ಅಂದ್ರು. ಹಾ ಹಾ ಅಂತ ಬಾಯಿ ಬಿಟ್ಟೆ, ದಡಕ್ಕೆ ಬಿದ್ದ ಮೀನಿನ ಥರ. ಆ ಹುಡುಗನ ತಾಯಿ ಎಲ್ಲರ ಎದುರಿಗೇ ಕೇಳಿದ್ಲು, ‘ಹುಡುಗಿಗೆ ಉಬ್ಬಸ ಇದೆಯಾ?’ ಇಲ್ಲ ಅಂತ ಹೇಳಕ್ಕೂ ನನಗೆ ಉಸಿರಿರಲಿಲ್ಲ! ಎದ್ದು ಹೋದ್ರು. ಉಬ್ಬಸದ ಹುಡುಗಿ ಅಂತ ಊರೆಲ್ಲಾ ಹೇಳಿದ್ರು. ಇನ್ನೊಬ್ಬ ನೋಡಕ್ಕೆ ಬರಲಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು, ಕೆಮ್ಮಿ ಅದನ್ನು ಮುಚ್ಚಿದರು.

ಗುಂಡಿಯ ಕೈ ತನ್ನ ಸೊಂಟದ ನೆರಿಗೆಯ ಮೇಲಿತ್ತು. “ಅಮ್ಮ, ಇದು ನಿಂದಾ?” ಎಂದಳು ಮೊದಲು. ಆಮೇಲೆ ಕಣ್ಣು ತುಂಬಿಕೊಂಡು, “ಇಷ್ಟು ದಿನ ಸುಮ್ಮನಿದ್ದು, ನನ್ನ ಮದುವೆ ದಿನಾನೇ ಬೇಕಿತ್ತಾ ನಿನಗೆ ಇದು?”

“ಮದುವೆ ದಿನ ಶುರುವಾದದ್ದು ಮದುವೆ ದಿನಾನೇ ಮುಗೀಬೇಕಿತ್ತು ಕಣೇ” ಎಂದಳು ಟೈಲರಮ್ಮ. “ನಿನಗೆ ಬೇಜಾರಾದ್ರೆ ನಾಳೆ ಬಯ್ಯಿ. ಈಗ ಫೋಟೋಗೆ ನಗು.”

ಗುಂಡಿ ನಗಲಿಲ್ಲ. ಬ್ರೇಕಂತೂ ನೆಲವನ್ನೇ ನೋಡುತ್ತಿದ್ದ. ಗಂಡಿಗೆ ಏನೂ ಅರ್ಥವಾಗದೆ ಕನ್ನಡಕ ತೆಗೆದು ಒರೆಸುತ್ತಿದ್ದ. ರೀಲು ಬೆಲೆಬಾಳುವುದು, ಇನ್ನೊಂದು ಸಲ ಆಗುವುದಿಲ್ಲ ಎಂದು ಹೇಳಿ ಫೋಟೋಗ್ರಾಫರು ಹಾಗೇ ಕ್ಲಿಕ್ಕಿಸಿಬಿಟ್ಟ. ಆ ಫೋಟೋದಲ್ಲಿ ಹಲ್ಲು ಕಂಡದ್ದು ಒಬ್ಬಳದೇ.

ಊಟದ ಹೊತ್ತಿಗೆ ಹಾಡು ಮತ್ತೆ ಶುರುವಾಯಿತು. ಕುಣಿಯುವ ಗಂಡು ಹೆಣ್ಣಿನ ಸುತ್ತ ಜನ ಚಪ್ಪಾಳೆ ಹೊಡೆದರು. ಗುಂಡಿ ಅಮ್ಮನ ಕಡೆ ನೋಡದೆಯೇ ಕುಣಿದಳು, ಆದರೆ ಗೌನು ಬಿಚ್ಚಿಡಲಿಲ್ಲ.

ಹೆಡ್‌ಮಿಸ್ಸು ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು, ಒರಗಲಾರದೆ, ಬೆನ್ನು ನೆಟ್ಟಗೆ ಮಾಡಿಕೊಂಡು. ಟೈಲರಮ್ಮ ಸೂಪು, ಬ್ರೆಡ್ಡಿನ ಎರಡು ತಟ್ಟೆ ಹಿಡಿದು ಬಂದಳು. ಒಂದನ್ನು ನಾದಿನಿಯ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡು, ಕುರ್ಚಿ ಹತ್ತಿರಕ್ಕೆ ಎಳೆದು ಕೂತಳು.

“ಇನ್ನೂ ಏನು ಬೇಕೇ ನಿನಗೆ?” ಎಂದಳು ಹೆಡ್‌ಮಿಸ್ಸು.

“ಏನೂ ಬೇಡ ಅತ್ತಿಗೆ. ಊಟ ಮಾಡಿ.” ಟೈಲರಮ್ಮ ಬಿಸಿ ಸೂಪಿನ ಒಂದು ಚಮಚ ಬಾಯಿಗಿಟ್ಟು, ಕಣ್ಣು ಅರೆಮುಚ್ಚಿ ನುಂಗಿದಳು. “ಆ ಹುಡುಗನ ತಾಯಿ ಉಬ್ಬಸ ಅಂದ್ಲಲ್ಲ, ಕೂತ್ಕೊಂಡು ಅಂದಿದ್ದಾ, ಎದ್ದು ನಿಂತು ಅಂದಿದ್ದಾ?”

ಹೆಡ್‌ಮಿಸ್ಸು ಎತ್ತಿದ್ದ ಚಮಚವನ್ನು ಶಬ್ದವಿಲ್ಲದೆ ತಟ್ಟೆಯ ಪಕ್ಕಕ್ಕಿಟ್ಟಳು.

“ಎದ್ದು ನಿಂತು.”

“ಎಲ್ಲರಿಗೂ ಕೇಳೋ ಹಾಗೆ?”

“ಹೂಂ.”

“ಹಾಗಲ್ಲ ಅತ್ತಿಗೆ,” ಟೈಲರಮ್ಮ ನಾದಿನಿಯ ತಟ್ಟೆಗೆ ಬ್ರೆಡ್ಡಿನ ದೊಡ್ಡ ತುಂಡು ಮುರಿದು ಹಾಕಿದಳು. “ಮೊದಲಿಂದ ಹೇಳಿ. ಅವರು ಬಾಗಿಲಲ್ಲಿ ಕಾಲಿಟ್ರಲ್ಲ, ಅಲ್ಲಿಂದ. ಅವಸರ ಏನಿಲ್ಲ.”